ಗಲ್ಲಿಯ ಚರಂಡಿ ಜನರದ್ದು, ದೊಡ್ಡ ಮೋರಿ ಯಾರದ್ದು?

ಬಡವರ ಸ್ವಾವಲಂಬನೆಯ ಬಗ್ಗೆ ಭಾಷಣ ಮಾಡುವವರು ಕರಾಚಿಯ ಓರಂಗಿ ಎಂಬ ಕೊಳೆಗೇರಿಯ ಹೆಸರೆತ್ತದೆ ಇರುವುದಿಲ್ಲ. ಅದನ್ನು ನಾವೂ ಮೆಚ್ಚುತ್ತೇವೆ. ಅರ್ಧ ಕತೆ ಹೇಳಿ ಚಪ್ಪಾಳೆ ಗಿಟ್ಟಿಸುವವರ ಬಗ್ಗೆ ಮಾತ್ರ ನಮಗೆ ತಕರಾರಿದೆ.

1980ರಲ್ಲಿ ಅಖ್ತರ್ ಹಮೀದ್ ಖಾನ್ ಅಲ್ಲಿ 'ಓರಂಗಿ ಪೈಲಟ್ ಪ್ರಾಜೆಕ್ಟ್' ಆರಂಭಿಸಿದಾಗ ಹೊಲಸು ಗಲ್ಲಿಯಲ್ಲೇ ಹರಿಯುತ್ತಿತ್ತು. ಐಸಿಎಸ್ ಹುದ್ದೆ ತೊರೆದು ಬೀಗ ತಯಾರಿಸುವ ಕೆಲಸವನ್ನೂ ಮಾಡಿದ್ದವರು ಅವರು. ದಾನ ಹಂಚಲು ಬಂದವರಲ್ಲ. ಇಪ್ಪತ್ತು ಮೂವತ್ತು ಮನೆಗಳ ಗಲ್ಲಿ ಒಂದಾಗಬೇಕು, ತನ್ನ ಮುಂದಾಳನ್ನು ತಾನೇ ಆರಿಸಬೇಕು, ಹಣ ಕೂಡಿಸಿ ಕೊಳವೆ ಹೂಳಬೇಕು. ಸಂಸ್ಥೆಯಿಂದ ನಕ್ಷೆ, ಅಂದಾಜು ಪಟ್ಟಿ, ಸಲಕರಣೆ, ಸಲಹೆ ಅಷ್ಟೇ. ಗುತ್ತಿಗೆದಾರನ ಲಾಭವೂ ಲಂಚವೂ ಇಲ್ಲದ್ದರಿಂದ ಖರ್ಚು ಸರಕಾರಿ ದರದ ಸಣ್ಣದೊಂದು ಪಾಲಿಗೆ ಇಳಿಯಿತು. ಸಾವಿರಾರು ಗಲ್ಲಿಗಳಿಗೆ ಒಳಚರಂಡಿ ಬಂತು.

ಆದರೆ ಗಲ್ಲಿ ದಾಟಿದ ಆ ನೀರು ಎಲ್ಲಿಗೆ ಹೋಗಬೇಕು? ಮುಖ್ಯ ಕೊಳವೆ ಮತ್ತು ಶುದ್ಧೀಕರಣ ಘಟಕ ಸರಕಾರದ ಹೊಣೆ ಎಂದು ಸಂಸ್ಥೆಯೇ ಸ್ಪಷ್ಟವಾಗಿ ಹೇಳಿತ್ತು. ಭಾಷಣಗಳಲ್ಲಿ ಮಾಯವಾಗುವುದು ಈ ಮಾತೇ! ಬೆಂಕಿಪೆಟ್ಟಿಗೆ ಕೊಂಡರೂ ತೆರಿಗೆ ಕಟ್ಟುವ ಬಡವ ಗುದ್ದಲಿಯನ್ನೂ ತಾನೇ ಹಿಡಿಯಬೇಕು. ಬಂಗಲೆಗಳ ಬೀದಿಗೆ ಬಂದಾಗ ಸ್ವಾವಲಂಬನೆಯ ಉಪದೇಶ ಯಾರಿಗೂ ನೆನಪಾಗುವುದಿಲ್ಲ.

ಅದೇ ಸಂಸ್ಥೆಯ ಪರ್ವೀನ್ ರಹಮಾನ್ ಚರಂಡಿಯ ನಕ್ಷೆಗೇ ನಿಲ್ಲಲಿಲ್ಲ. ನಗರದಂಚಿನ ಹಳ್ಳಿಗಳ ಭೂಮಿಯನ್ನು, ಕದ್ದು ಮಾರುವ ನೀರನ್ನು ದಾಖಲಿಸಿದರು. 2013ರ ಮಾರ್ಚ್ 13ರಂದು ಅವರನ್ನು ಗುಂಡಿಕ್ಕಿ ಕೊಲ್ಲಲಾಯಿತು. 2021ರಲ್ಲಿ ಶಿಕ್ಷೆಗೊಳಗಾದವರನ್ನು 2022ರಲ್ಲಿ ಹೈಕೋರ್ಟು ದೋಷಮುಕ್ತಗೊಳಿಸಿತು.