ಆಲಮಟ್ಟಿಗೆ ಹೋದಾಗ ಮಕ್ಕಳಿಗೆ ಹೇಳಲೇಬೇಕಾದ ಮಾತು



ರಜೆ ಬಂತೆಂದರೆ ನಮ್ಮ ಸೀಮೆಯ ಕುಟುಂಬಗಳು ಚಿಕ್ಕ ಮಕ್ಕಳನ್ನು ಕರೆದುಕೊಂಡು ಆಲಮಟ್ಟಿಗೆ ಹೊರಡುವುದು ಈಗ ವಾಡಿಕೆಯೇ ಆಗಿಬಿಟ್ಟಿದೆ. ಬೆಂಗಳೂರಿನವರಿಗೆ ಬಿಡದಿಯ ವಂಡರ್‌ಲಾ ಹೇಗೋ, ತುಳಸಿಗೇರಿ, ಕಲಾದಗಿ, ಬಾಗಲಕೋಟೆಯವರಿಗೆ ಆಲಮಟ್ಟಿ ಹಾಗೆ. ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನದ ಬುತ್ತಿ ಕಟ್ಟಿಕೊಂಡು ಮುಂಜಾನೆ ಹೊರಟರೆ, ರಾಕ್ ಗಾರ್ಡನ್ನಿನ ಪ್ರಾಣಿಪಕ್ಷಿಗಳ ಪ್ರತಿಮೆಗಳು, ಮೊಘಲ್ ಉದ್ಯಾನ, ದೋಣಿ ವಿಹಾರ, ಕತ್ತಲಾದ ಮೇಲೆ ಸಂಗೀತ ಕಾರಂಜಿ ಎಲ್ಲವನ್ನೂ ಮುಗಿಸಿ ರಾತ್ರಿ ಮನೆ ಸೇರಬಹುದು. ಮಕ್ಕಳು ನಲಿಯುತ್ತಾರೆ, ನಲಿಯಲೂ ಬೇಕು. ಇದರಲ್ಲಿ ನನ್ನ ತಕರಾರು ಏನೂ ಇಲ್ಲ. ಆ ದಿನವಿಡೀ ಹಿರಿಯರಾದ ನಾವು ಕಾಯ್ದುಕೊಂಡು ಬರುವ ಮೌನದ ಬಗ್ಗೆ ಮಾತ್ರ ನನ್ನ ತಕರಾರಿದೆ.

ಎರಡು ವರ್ಷದ ಹಿಂದೆ ಅಲ್ಲಿಗೆ ಹೋಗಿದ್ದಾಗ ಐದು ವರ್ಷದ ಮೊಮ್ಮಗಳು ನೀರಿನತ್ತ ಕೈ ತೋರಿಸಿ, "ಮುತ್ಯಾ, ಈ ನೀರಿನ ಕೆಳಗ ಏನೈತಿ?" ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅವಳ ತಂದೆ, "ಮೀನ ಅದಾವವ್ವಾ, ನಡಿ ನಡಿ, ಕಾರಂಜಿ ಚಾಲೂ ಆಗ್ತೈತಿ" ಎಂದು ಎಳೆದುಕೊಂಡು ಹೋದ. ಉತ್ತರವೇನೂ ಸುಳ್ಳಲ್ಲ, ಮೀನುಗಳಿವೆ. ಆದರೆ ಆ ನೀರಿನ ಕೆಳಗೆ ಅವಳ ತಾಯಿಯ ತವರಿನವರು ಮೂರು ತಲೆಮಾರು ಬಿತ್ತಿ ಬೆಳೆದ ಹೊಲವೂ ಇದೆ.

1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಈ ಅಣೆಕಟ್ಟನ್ನು 2006ರ ಆಗಸ್ಟ್ 21ರಂದು ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಅವರು ನಾಡಿಗೆ ಸಮರ್ಪಿಸಿದರು. 26 ಗೇಟುಗಳು, 519.6 ಮೀಟರ್ ನೀರಿನ ಮಟ್ಟ, 123 ಟಿ.ಎಂ.ಸಿ. ಸಂಗ್ರಹ, 290 ಮೆಗಾವ್ಯಾಟ್ ವಿದ್ಯುತ್ತು. ಪರೀಕ್ಷೆಗೆ ಓದುವ ಹುಡುಗರೆಲ್ಲ ಇಷ್ಟನ್ನು ಬಾಯಿಪಾಠ ಹೇಳುತ್ತಾರೆ. ಕೃಷ್ಣೆಯ ಹಿನ್ನೀರು ಘಟಪ್ರಭೆಯ ಪಾತ್ರಕ್ಕೂ ನುಗ್ಗಿ ಹಳೆಯ ಬಾಗಲಕೋಟೆಯ ಓಣಿಗಳನ್ನು ನುಂಗಿದ್ದು, ಕೃಷ್ಣಾ ಮೇಲ್ದಂಡೆ ಯೋಜನೆಗಾಗಿ ನೂರಕ್ಕೂ ಹೆಚ್ಚು ಹಳ್ಳಿಗಳು ಎತ್ತಂಗಡಿಯಾದದ್ದು, ತಲೆಮಾರುಗಳಿಂದ ಮನೆತನದ ಹೆಸರಿನಿಂದ ಗುರುತಿಸಿಕೊಂಡವರು ನವನಗರದಲ್ಲಿ ಸೆಕ್ಟರ್ ನಂಬರಿನಿಂದ ಗುರುತಿಸಿಕೊಳ್ಳುವಂತಾದದ್ದು, ಇವು ಮಾತ್ರ ಯಾರ ಬಾಯಿಪಾಠದಲ್ಲಿಯೂ ಇಲ್ಲ. ನನ್ನ ತರಗತಿಯಲ್ಲಿ ಕುಳಿತು ಹೋದ ನಿಮ್ಮಲ್ಲಿ ಎಷ್ಟೋ ಮಂದಿ ಆ ಮನೆಗಳಿಂದಲೇ ಬಂದವರು. ಆದ್ದರಿಂದಲೇ ಈ ಮಾತನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

"ಸಣ್ಣ ಕೂಸುಗಳಿಗೆ ಈ ದುಃಖದ ಕಥೆ ಯಾಕೆ ಸರ್? ಒಂದು ದಿನ ಆಡಿಕೊಂಡಿರಲಿ" ಎನ್ನುವವರಿದ್ದಾರೆ. ಅವರಿಗೆ ನಾನು ಕೇಳುವುದಿಷ್ಟೆ: ಪುಣ್ಯಕೋಟಿಯ ಕಥೆಯನ್ನು ನಾವು ಯಾವ ವಯಸ್ಸಿನ ಮಕ್ಕಳಿಗೆ ಹೇಳುತ್ತೇವೆ? ಕರುವನ್ನು ಬಿಟ್ಟು ಹುಲಿಯ ಬಾಯಿಗೆ ಹೊರಟ ಹಸುವಿನ ಕಥೆ ಕೇಳಿ ಕಣ್ಣೊರೆಸಿಕೊಳ್ಳುವ ಮಗು, "ಇಲ್ಲಿ ಒಂದು ಊರಿತ್ತು, ನೀರಿಗಾಗಿ ಅದನ್ನು ಬಿಟ್ಟುಕೊಟ್ಟರು" ಎಂಬ ಮಾತನ್ನು ತಾಳಲಾರದೆ? ಮೂರು ದಶಕಗಳಿಗೂ ಮಿಕ್ಕಿ ಮಕ್ಕಳ ನಡುವೆ ಬದುಕಿದ ನನಗೆ ಗೊತ್ತಿರುವಂತೆ, ದುಃಖದ ಕಥೆಗೆ ಮಕ್ಕಳು ಹೆದರುವುದಿಲ್ಲ. ಹೇಳಲು ಹಿಂಜರಿಯುವವರು ನಾವು.

ವಿಹಾರದ ಸ್ಥಳದಲ್ಲಿ ಪಾಠ ಒಗ್ಗುವುದಿಲ್ಲ ಎಂಬುದು ಇನ್ನೊಂದು ವಾದ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿರುವ ಉತ್ಸವ ರಾಕ್ ಗಾರ್ಡನ್ನಿಗೆ ಹೋಗಿ ಬಂದವರು ಈ ವಾದವನ್ನು ಒಪ್ಪಲಾರರು. 2020ರಲ್ಲಿ ತೀರಿಕೊಂಡ ಕಲಾವಿದ ಟಿ.ಬಿ. ಸೊಲಬಕ್ಕನವರ ಅವರು ಉತ್ತರ ಕರ್ನಾಟಕದ ಹಳ್ಳಿಯ ಬದುಕನ್ನೇ ಅಲ್ಲಿ ಆಳೆತ್ತರದ ಶಿಲ್ಪಗಳಾಗಿ ನಿಲ್ಲಿಸಿದರು. ದನಕರು, ಒಕ್ಕಲುತನ, ಕಸುಬುಗಳ ನಡುವೆ ಮಕ್ಕಳು ಓಡಾಡುತ್ತಾ ನೂರು ಪ್ರಶ್ನೆ ಕೇಳುತ್ತಾರೆ. ಅದರಿಂದ ಅವರ ನಲಿವು ಕುಂದಿದ್ದನ್ನು ನಾನಂತೂ ಕಂಡಿಲ್ಲ.

ಆಲಮಟ್ಟಿಯ ಜೊತೆಗೇ ನಾವು ನೋಡುವ ಇನ್ನೊಂದು ಕ್ಷೇತ್ರ ಕೂಡಲಸಂಗಮ. ನಾರಾಯಣಪುರ ಜಲಾಶಯದ ಹಿನ್ನೀರಿನಲ್ಲಿ ಬಸವಣ್ಣನವರ ಐಕ್ಯಮಂಟಪ ಮುಳುಗದಂತೆ ಸುತ್ತಲೂ ಬಾವಿಯಂತೆ ಗೋಡೆ ಕಟ್ಟಿ ಕಾಪಾಡಿದ್ದಾರೆ. ಮೆಟ್ಟಿಲಿಳಿದು ಹೋಗಿ ಕೈಮುಗಿದು ಬರುತ್ತೇವೆ. ಅದು ಆಗಲೇಬೇಕಾದ ಕೆಲಸವಾಗಿತ್ತು. ಆದರೆ ಸಾಮಾನ್ಯ ರೈತನ ಕಟ್ಟೆ, ಬಡಿಗನ ಸಾಲೆ, ಊರ ಮುಂದಿನ ಹುಣಸೆ ಮರಗಳಿಗೆ ಅಂಥ ಗೋಡೆಯನ್ನು ಯಾರು ಕಟ್ಟುತ್ತಾರೆ? ಅವುಗಳಿಗೆ ಇರುವ ರಕ್ಷಣೆ ಹಿರಿಯರ ಬಾಯಿಮಾತೊಂದೇ. ಆ ಬಾಯಿಯೂ ಮುಚ್ಚಿದರೆ ಅವು ಎರಡನೆಯ ಸಲ ಮುಳುಗಿದಂತೆ.

ಅಣೆಕಟ್ಟೆಯನ್ನು ಹಳಿಯುತ್ತಿದ್ದೇನೆಂದು ಯಾರೂ ತಿಳಿಯಬಾರದು. ಬರದ ಸೀಮೆಗೆ ನೀರು ಹರಿದದ್ದನ್ನು ಕಣ್ಣಾರೆ ಕಂಡವನು ನಾನು. ಉಪಕಾರ ದೊಡ್ಡದಾದಷ್ಟೂ ಋಣವೂ ದೊಡ್ಡದು. ಆ ಋಣ ಯಾರದೆಂಬುದನ್ನು ಮಕ್ಕಳಿಗೆ ತಿಳಿಸಬೇಕು.

ಇದು ಹಳೆಯ ಕಥೆಯೆಂದು ಕೈತೊಳೆದುಕೊಳ್ಳುವಂತೆಯೂ ಇಲ್ಲ. ನೀರಿನ ಮಟ್ಟವನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಮಂಡಳಿ 2010ರಲ್ಲಿ ಅನುಮತಿಸಿತು. ಅದಕ್ಕಾಗಿ ಮುಳುಗಲಿರುವ 75 ಸಾವಿರ ಎಕರೆಗೂ ಮೀರಿದ ಭೂಮಿಗೆ 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟವು ಎಕರೆಗೆ ನೀರಾವರಿಗೆ 40 ಲಕ್ಷ, ಒಣಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ ಪರಿಹಾರವನ್ನು ನಿಗದಿ ಮಾಡಿತು. ಎಂದರೆ ಇಂದು ಕಾರಂಜಿ ನೋಡಿ ಚಪ್ಪಾಳೆ ತಟ್ಟುವ ಮಗುವಿನ ತರಗತಿಯಲ್ಲಿ ನಾಳೆ ಊರು ಕಳೆದುಕೊಂಡು ಬಂದ ಇನ್ನೊಂದು ಮಗು ಕೂರಲಿದೆ. ಆ ಮಗುವನ್ನು "ಪರಿಹಾರದ ರೊಕ್ಕ ಬಂದವರು" ಎಂದು ಆಡಿಕೊಳ್ಳಬೇಕೋ, ಪಕ್ಕದಲ್ಲಿ ಜಾಗ ಕೊಡಬೇಕೋ ಎಂಬುದು ಈ ದಿನ ನಾವು ಹೇಳುವ ಮಾತಿನ ಮೇಲೆ ನಿಂತಿದೆ.

ಸಂಬಂಧಪಟ್ಟವರಲ್ಲಿ ನನ್ನದೊಂದು ಒತ್ತಾಯವಿದೆ. ಮುಳುಗಿದ ಪ್ರತಿಯೊಂದು ಊರಿನ ಹೆಸರೂ ಆ ಉದ್ಯಾನಗಳಲ್ಲಿ, ಆರು ವರ್ಷದ ಮಗುವಿನ ಕಣ್ಣಿನೆತ್ತರದಲ್ಲಿ, ದೊಡ್ಡ ಅಕ್ಷರಗಳಲ್ಲಿ ಕಾಣಲಿ. ಅಕ್ಷರ ಕಲಿಯುವ ಮಕ್ಕಳು ಒಂದೊಂದನ್ನೇ ಕೂಡಿಸಿ ಓದಲಿ.

ಆದರೆ ಅದಕ್ಕಾಗಿ ನೀವು ಕಾಯಬೇಕಾಗಿಲ್ಲ. ಮುಂದಿನ ರಜೆಯಲ್ಲಿ ತಪ್ಪದೆ ಹೋಗಿ ಬನ್ನಿ. ದೋಣಿ ಹತ್ತಿಸಿರಿ, ಐಸ್‌ಕ್ರೀಮ್ ಕೊಡಿಸಿರಿ. ಕಾರಂಜಿ ಆರಂಭವಾಗುವ ಮೊದಲು ಹತ್ತು ನಿಮಿಷ ನೀರಿಗೆ ಮುಖಮಾಡಿ ಕುಳಿತು ನಿಮ್ಮ ಮನೆತನದ ಊರಿನ ಹೆಸರು, ಅಲ್ಲಿಯ ದೇವರ ಹೆಸರು, ಮನೆಯ ಬಾಗಿಲು ಯಾವ ದಿಕ್ಕಿಗಿತ್ತು ಎಂಬುದನ್ನು ಮಗುವಿಗೆ ಹೇಳಿರಿ. ನಿಮಗೆ ಗೊತ್ತಿಲ್ಲದಿದ್ದರೆ ಹೊರಡುವ ಮೊದಲೇ ಮನೆಯ ಹಿರಿಯರನ್ನು ಕೇಳಿಕೊಂಡು ಹೋಗಿರಿ, ಅವರಿರುವಾಗಲೇ.