ಹನಿಮೂನಿಗೆ ಎರಡೇ ಟಿಕೆಟ್ ಸಾಕು

ದೊಡ್ಡ ಮಗನ ಲಗ್ನಪತ್ರಿಕೆ ಅಚ್ಚಿಗೆ ಕೊಟ್ಟ ದಿನವೇ ನಮ್ಮ ಮನೇಲಿ ಹನಿಮೂನ್ ಜಗಳ ಶುರುವಾಯ್ತು. ಮದುವೆ ಇದ್ದಿದ್ದು 2025ರ ಫೆಬ್ರವರೀಲಿ. ಅವನು ಫೋನ್ ಹಿಡ್ಕಂಡು ಬಂದು, ನೀರಿನ ಮೇಲೆ ಕಟ್ಟಿರೋ ಮನೆ ತೋರಿಸಿ, "ಮಾಲ್ಡೀವ್ಸ್ ಅವ್ವ, ತಿಂಗಳು ತಿಂಗಳು ಕಂತು ಕಟ್ಟಿದ್ರೆ ಆಯ್ತು" ಅಂದ. ಅವರಪ್ಪ, "ಚೌಟ್ರಿ ಸಾಲವೇ ತಲೆ ಮೇಲೈತೆ, ಇದ್ಯಾವುದೋ ಹೊಸ ಕಂತು" ಅಂತ ರೇಗಿದ್ರು. ನಮ್ಮ ನಾದಿನಿ, "ಅದೆಲ್ಲ ಯಾಕೆ, ಒಂದು ಗಾಡಿ ಮಾಡಿ, ಎಲ್ಲಾರೂ ಧರ್ಮಸ್ಥಳ ಸುಬ್ರಮಣ್ಯ ಮಾಡ್ಕಂಡು ಬರಾನ" ಅಂದ್ಲು.

ನಾದಿನಿ ಮಾತು ಕೇಳಿ ನನಗೆ ಎದೆ ಧಸಕ್ ಅಂತು. ಯಾಕಂದ್ರೆ ನನ್ನ ಹನಿಮೂನು ಅದೇ ಥರ ಆಗಿದ್ದು.

1991ರಲ್ಲಿ ನಮ್ಮ ಮದುವೆ. ಬೀಗರ ಊಟ ಮುಗಿದ ವಾರಕ್ಕೆ ಒಂದು ಮೆಟಡಾರ್ ಗಾಡೀಲಿ ಹದಿನಾಲ್ಕು ಜನ ಹೊರಟ್ವಿ. ಅತ್ತೆ, ಮಾವ, ವಾರಗಿತ್ತಿ, ಅವಳ ಮಕ್ಕಳು, ಇಬ್ಬರು ನಾದಿನೀರು. ಶಿರಾಡಿ ಘಾಟೀಲಿ ವಾಂತಿ ಮಾಡ್ಕಂಡ ಮಕ್ಕಳನ್ನ ಹೊಸ ಹೆಣ್ಣು ನಾನೇ ತೊಡೆ ಮೇಲೆ ಮಲಗಿಸ್ಕಂಡಿದ್ದೆ. ರಾತ್ರಿ ರೂಮಲ್ಲಿ ಹೆಂಗಸ್ರೆಲ್ಲ ಒಂದ್ಕಡೆ, ಗಂಡಸ್ರೆಲ್ಲ ಒಂದ್ಕಡೆ. ಮೂರು ದಿನದಲ್ಲಿ ನಮ್ಮೆಜಮಾನ್ರು ನನ್ನ ಜೊತೆ ಆಡಿದ್ದು ಒಂದೇ ಮಾತು: "ಬ್ಯಾಗ್ ಎಣಿಸ್ದಾ?" ಸಮುದ್ರ ಇನ್ನೆಷ್ಟು ದೂರ ಅಂತ ಕೇಳ್ಬೇಕು ಅಂತ ಆಸೆ ಇತ್ತು, ಕೇಳಲಿಲ್ಲ. ಊರಿಗೆ ಬಂದ ಮರುದಿನವೇ ಹುಳ ನಾಲ್ಕನೇ ಜ್ವರದಿಂದ ಎದ್ದಿತ್ತು, ಹಿಪ್ಪುನೇರಳೆ ಸೊಪ್ಪು ಕುಯ್ಯೋಕೆ ಹೋದೆ. ಆಮೇಲೆ ಆಷಾಢ, ತವರಿಗೆ ಹೋದೆ.

ಇದು ನಗೋ ಕತೆ ಅಂದ್ಕಬೇಡಿ. ಮದುವೆ ಆಗಿ ಎಷ್ಟೋ ತಿಂಗಳು ನಮ್ಮೆಜಮಾನ್ರಿಗೆ ಕಾಫಿ ಬೇಕಾ ಟೀ ಬೇಕಾ ಅಂತಲೂ ನಾನು ಅತ್ತೇನ ಕೇಳಿ ತಿಳ್ಕಬೇಕಿತ್ತು. ಎರಡನೇ ವರ್ಷ ನನ್ನ ಮೊದಲನೇ ಬಸಿರು ಇಳಿದು ಹೋಯ್ತು. ಅವತ್ತು ಅವರ ಮುಂದೆ ಅಳೋಕೂ ನಾಚಿಕೆ ಆಯ್ತು ನಂಗೆ, ಕೊಟ್ಟಿಗೇಲಿ ನಿಂತ್ಕಂಡು ಅತ್ತೆ. ಅವರೂ ಹೊಲದ ಬದೂಲಿ ಕೂತು ಅತ್ತಿದ್ರಂತೆ. ಇದನ್ನ ಅವರು ನನಗೆ ಹೇಳಿದ್ದು ಹತ್ತು ವರ್ಷ ಆದ್ಮೇಲೆ. ಒಬ್ಬರಿಗೊಬ್ಬರು ಮಾತಾಡೋ ಅಭ್ಯಾಸವೇ ನಮಗೆ ಆಗಿರಲಿಲ್ಲ. ಆ ಅಭ್ಯಾಸ ಆಗೋಕೆ ಯಾರೂ ನಾಲ್ಕು ದಿನ ಬಿಟ್ಟುಕೊಡಲಿಲ್ಲ.

ಅದಕ್ಕೇ ನನ್ನ ಅಭಿಪ್ರಾಯ ಇಷ್ಟು. ಹನಿಮೂನ್ ಅನ್ನೋದು ದುಡ್ಡಿರೋರ ಶೋಕಿ ಅಲ್ಲ. ನೋಡಿ ಒಪ್ಪಿ ಮಾಡೋ ಮದುವೇಲಿ ಅದು ಹುಡುಗ ಹುಡುಗಿಗೆ ನಾವು ಕೊಡಲೇಬೇಕಾದ ಪುರುಸೊತ್ತು. ಸಾಲ ಮಾಡಿಸಿ ಕೊಡೋದೂ ಬೇಡ, ನಾವು ಜೊತೇಲಿ ಹೋಗಿ ಕೆಡಿಸೋದೂ ಬೇಡ. ರೈಲಿದೆ.

ಆಗೋ ಸೊಸೆ ಕನಕಪುರದ ಕಡೆಯೋಳು. ಫೋನ್ ಮಾಡಿದಾಗ, "ನಿಂಗೇನವ್ವ ಆಸೆ?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅತ್ತೆ, ನಾನು ಸಮುದ್ರ ನೋಡಿಲ್ಲ, ಅಷ್ಟೇಯ" ಅಂದ್ಲು. ನಾನು ಮಗನಿಗೆ ಹೇಳಿದೆ, ಸಮುದ್ರ ನಮ್ಮ ರಾಜ್ಯದಲ್ಲೇ ಐತೆ ಕಣಪ್ಪ ಅಂತ.

ಮುರ್ಡೇಶ್ವರಕ್ಕೆ ಹೋಗೋ ಒಂದು ರೈಲು ನಮ್ಮ ರಾಮನಗರ, ಚನ್ನಪಟ್ಟಣದ ಹಳಿ ಮೇಲೇ ಹೋಗಿ ಮೈಸೂರು, ಹಾಸನ ಹಿಡೀತದೆ. ಆದ್ರೆ ಅದು ರಾತ್ರಿ ರೈಲು, ಘಟ್ಟ ಕಾಣಲ್ಲ. ಯಶವಂತಪುರದಿಂದ ಬೆಳಗ್ಗೆ ಹೊರಡೋ ಕಾರವಾರದ ರೈಲು ಹಗಲೇ ಘಟ್ಟ ಇಳೀತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿಲೋಮೀಟರ್, ಅದರಲ್ಲಿ 57 ಸುರಂಗ. ನಮ್ಮ ಮದುವೆ ಆದಾಗಲೂ ಅಲ್ಲಿ ಸಣ್ಣ ಹಳಿ ರೈಲು ಓಡ್ತಿತ್ತು, 1979ರಲ್ಲೇ ಶುರುವಾಗಿತ್ತು ಅಂತ ಮಗ ಓದಿ ಹೇಳಿದ. ನಮ್ಮ ಮನೇಲಿ ಯಾರಿಗೂ ಹೊಳೀಲಿಲ್ಲ. ಮಂಗಳೂರಿಂದ ಆಚೆ ಕೊಂಕಣ ರೈಲು ಪೂರ್ತಿ ಆಗಿದ್ದು 1998ರಲ್ಲಿ.

ಮಕ್ಕಳು ಹಗಲು ರೈಲಲ್ಲಿ ಹೋಗಿ ಉಡುಪೀಲಿ ಇಳಿದು ತಂಗಿ, ಮಲ್ಪೆ ನೋಡ್ಕಂಡು, ಮತ್ತೆ ರೈಲು ಹಿಡಿದು ಗೋಕರ್ಣಕ್ಕೆ ಹೋದ್ರು. ವಾಪಸ್ ಬಂದಿದ್ದು ರಾತ್ರಿ ರೈಲು, ಪಂಚಗಂಗಾದಲ್ಲಿ. ಹೋಗೋವಾಗ ಹಗಲು, ಬರೋವಾಗ ರಾತ್ರಿ, ಇದು ನೆನಪಿಟ್ಕಳಿ.

ಅನುಭವದಿಂದ ಇನ್ನೂ ನಾಲ್ಕು ಮಾತು. ಟಿಕೆಟ್ ಈಗ 60 ದಿನ ಮುಂಚೆ ಮಾತ್ರ ತೆಗೀಬಹುದು, ಲಗ್ನಪತ್ರಿಕೆ ಜೊತೆಗೇ ಅದನ್ನೂ ಮಾಡಿ ಮುಗಿಸಿ. ಹುಡುಗಿ ಹೆಸರು ಆಧಾರ್‌ನಲ್ಲಿ ಹೆಂಗೈತೋ ಹಂಗೇ ಬರೆಸಿ, ಗಂಡನ ಹೆಸರು ಸೇರಿಸೋ ಆತುರ ಬೇಡ. ರೈಲು ಓಡ್ತಾ ಐತಾ ಅಂತ ವಿಚಾರಿಸ್ಕಳಿ. 2025ರ ಜೂನ್‌ನಿಂದ ಘಟ್ಟದಲ್ಲಿ ಕರೆಂಟ್ ಲೈನ್ ಎಳೆಯೋ ಕೆಲಸಕ್ಕೆ ಹಗಲು ರೈಲುಗಳನ್ನ ತಿಂಗಳುಗಟ್ಟಲೆ ನಿಲ್ಲಿಸಿದ್ರು. ರೈಲಿಂದಲೇ ಸಮುದ್ರ ಕಾಣ್ತದೆ ಅಂದ್ಕಬೇಡಿ, ಜಾಸ್ತಿ ಕಾಣೋದು ಹೊಳೆಗಳು. ಹೊನ್ನಾವರದಲ್ಲಿ ಶರಾವತಿ ಮೇಲಿನ ಸೇತುವೆ ಎರಡು ಕಿಲೋಮೀಟರಿಗೂ ಉದ್ದ. ಗೋಕರ್ಣ ರೋಡ್ ಸ್ಟೇಷನ್ ಊರಿಂದ ದೂರ, ಆಟೋ ಬೇಕು. ಇನ್ನೊಂದು, ನಾವು ಕೆರೆ ಬಾವಿ ನೋಡ್ದೋರು, ಸಮುದ್ರದ ಗುಣ ನಮಗೆ ಗೊತ್ತಿಲ್ಲ. ಮೊಣಕಾಲು ಮುಳುಗೋಷ್ಟು ಸಾಕು, ಮಳೆಗಾಲದಲ್ಲಿ ಅದೂ ಬೇಡ.

"ಮನೆ ದೇವ್ರು ಬಿಟ್ಟು ಸಮುದ್ರಕ್ಕಾ?" ಅಂತ ಹಿರೀಕರು ಕೇಳ್ತಾರೆ. ನಮ್ಮಲ್ಲೂ ಕೇಳಿದ್ರು. ಮೊದ್ಲು ಎಲ್ಲಾರೂ ಕಬ್ಬಾಳಮ್ಮನಿಗೆ ಹೋಗಿ ಮಡ್ಲಕ್ಕಿ ಕೊಟ್ಟು ಬಂದ್ವಿ. ಆಮೇಲೆ ಮಕ್ಕಳಿಬ್ಬರೇ. ಗೋಕರ್ಣ ಅಂದ ಕೂಡ್ಲೇ ನಾದಿನಿ, "ಮಹಾಬಲೇಶ್ವರನ ದರ್ಶನಕ್ಕೆ ನಾನೂ ಬತ್ತೀನಿ" ಅಂದ್ಲು. ಅವತ್ತು ನಾನು ಮೂವತ್ತು ವರ್ಷದಲ್ಲಿ ಮೊದಲ ಸಲ ಅವಳಿಗೆ ಎದುರಾಡಿದೆ. "ಶಿವರಾತ್ರೀಗೆ ನಾವಿಬ್ಬರೂ ಹೋಗಾನ ಬಾ, ಈಗ ಎರಡೇ ಟಿಕೆಟ್ಟು" ಅಂದೆ. ಎರಡು ದಿನ ಮುಖ ಊದಿಸ್ಕಂಡಿದ್ಲು. ಆಮೇಲೆ ನಿಪ್ಪಟ್ಟು, ಕೋಡುಬಳೆ ಕರಿದು ಡಬ್ಬಿ ತುಂಬಿ ಕೊಟ್ಟೋಳೂ ಅವಳೇ.

ಮನೇಲಿ ಉಳಿಯೋ ನಮ್ಮ ಕೆಲಸವೂ ಐತೆ. ಆ ನಾಲ್ಕು ದಿನ ಹುಳಕ್ಕೆ ಸೊಪ್ಪು ನಾವು ಹಾಕೋದು, ಹಸು ನಾವು ನೋಡ್ಕಳೋದು, ದಿನಕ್ಕೆ ಮೂರು ಸಲ ಫೋನ್ ಮಾಡಿ "ಏನ್ ತಿಂದ್ರಿ" ಅನ್ನದೆ ಇರೋದು. ಈ ಕೊನೇದೇ ಕಷ್ಟ. ನಾನು ಒಂದ್ಸಲ ಮಾಡಿಬಿಟ್ಟೆ. ಸೊಸೆಯೇ ಎತ್ತಿದ್ಲು. ಹಿಂದೆ ನೀರಿನ ಮೊರೆತ. "ಅತ್ತೆ, ಕೇಳಿಸ್ತಾ?" ಅಂದ್ಲು. ಕೇಳಿಸ್ತು ಕಣವ್ವ ಅಂದು ಇಟ್ಬಿಟ್ಟೆ.

ಮೊನ್ನೆ ಅವಳಿಗೆ ಜ್ವರ. ನಾನು ಅಡುಗೆಮನೆಯಿಂದ ಹೊರಗೆ ಬರೋದ್ರೊಳಗೆ ಮಗ, "ಇವಳಿಗೆ ಜ್ವರ ಬಂದ್ರೆ ಗಂಜಿ ಸೇರಲ್ಲ ಅವ್ವ, ತಿಳಿಸಾರು ಅನ್ನ ಕೊಡು" ಅಂದ. ಈ ಥರದ್ದು ನಮ್ಮೆಜಮಾನ್ರಿಗೆ ನನ್ನ ಬಗ್ಗೆ ಗೊತ್ತಾಗೋಕೆ ಹತ್ತು ವರ್ಷ ಬೇಕಾಯ್ತು. ನಿಮ್ಮನೇಲಿ ಮದುವೆ ಇದ್ರೆ, ಚಿನ್ನದಲ್ಲಿ ಒಂದು ಗ್ರಾಂ ಕಮ್ಮಿ ಮಾಡಿ, ಎರಡು ರೈಲು ಟಿಕೆಟ್ ತೆಗೆದುಕೊಡಿ. ಎರಡೇ.