ನಾಡಿ ಹೇಳಿದ ನಿಜ

ಪದವಿಯ ಕೊನೆಯ ವರ್ಷದಲ್ಲಿರುವವರಿಗೆ ಪರೀಕ್ಷೆಗಿಂತಲೂ ಹೆಚ್ಚು ಅಂಜಿಕೆ ಹುಟ್ಟಿಸುವುದು ಸಂಶೋಧನಾ ಪ್ರಬಂಧ. ಪರೀಕ್ಷೆಯಲ್ಲಿ ಪ್ರಶ್ನೆಯನ್ನು ಬೇರೊಬ್ಬರು ಕೇಳುತ್ತಾರೆ. ಪ್ರಬಂಧದಲ್ಲಿ ಪ್ರಶ್ನೆಯೂ ತನ್ನದೇ, ಉತ್ತರದ ಹೊಣೆಯೂ ತನ್ನದೇ. ಕ್ರೀಡಾವಿಜ್ಞಾನವನ್ನು ಆರಿಸಿಕೊಂಡವರಿಗಂತೂ ಇನ್ನೊಂದು ತೊಡಕು. ಅವರು ಪರಿಶೀಲಿಸಬೇಕಾದುದು ಗಾಜಿನ ನಳಿಕೆಯೊಳಗಿನ ದ್ರವವನ್ನಲ್ಲ. ದಣಿಯುವ, ಬೆವರುವ, ನಾಚುವ ಮನುಷ್ಯನನ್ನು.

ಕಡೂರು ತಾಲ್ಲೂಕಿನ ಪಂಚನಹಳ್ಳಿಯಿಂದ ಪಟ್ಟಣದ ಕಾಲೇಜಿಗೆ ಹೋಗಿ ಈ ಶಾಸ್ತ್ರವನ್ನು ಅಭ್ಯಸಿಸುವ ವಿದ್ಯಾರ್ಥಿನಿಯೊಬ್ಬಳನ್ನು ಕಲ್ಪಿಸಿಕೊಳ್ಳಬಹುದು. ಇಡೀ ಜಿಲ್ಲೆಯ ತರುಣರ ಆರೋಗ್ಯವನ್ನೇ ಅಳೆದುಬಿಡಬೇಕೆಂಬುದು ಅವಳ ಮೊದಲ ಆಸೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತು ಸಂಶೋಧನೆಗೂ ಸಲ್ಲುತ್ತದೆ. ಕಡೆಗೆ ಅವಳ ಪ್ರಶ್ನೆ ಒಂದು ಪ್ರೌಢಶಾಲೆಯಷ್ಟಕ್ಕೆ ಕುಗ್ಗಿತು: ಖೋ ಖೋ ಆಡುವ ಹುಡುಗಿಯರು ಆಡದವರಿಗಿಂತ ಬೇಗ ದಣಿವಾರಿಸಿಕೊಳ್ಳುತ್ತಾರೆಯೇ?

ಉಸಿರಿನ ಆಮ್ಲಜನಕವನ್ನು ಅಳೆಯುವ ಬೆಲೆಬಾಳುವ ಯಂತ್ರವನ್ನು ತೆಂಗಿನ ತೋಟ, ರಾಗಿಯ ಹೊಲಗಳ ನಡುವಣ ಊರಿಗೆ ಹೊತ್ತೊಯ್ಯುವುದು ಆಗದ ಮಾತು. ಹಾಗೆಂದು ಕುಣಿಯಲಾರದವಳು ನೆಲ ಡೊಂಕು ಎಂದಂತೆ ಸಲಕರಣೆಯನ್ನು ದೂರಬೇಕಾಗಿಯೂ ಇಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಹಾರ್ವರ್ಡ್‌ ವಿಶ್ವವಿದ್ಯಾನಿಲಯದಲ್ಲಿ ಲೂಸಿಯನ್ ಬ್ರೂಹಾ ಎಂಬ ವಿಜ್ಞಾನಿ ರೂಪಿಸಿ, 1943ರಲ್ಲಿ ಪ್ರಕಟಿಸಿದ ಪರೀಕ್ಷೆಗೆ ಬೇಕಾದುದು ಒಂದು ಗಟ್ಟಿಯಾದ ಮೆಟ್ಟಿಲು ಮತ್ತು ಒಂದು ಗಡಿಯಾರ, ಇಷ್ಟೇ. 20 ಅಂಗುಲ ಎತ್ತರದ ಮೆಟ್ಟಿಲನ್ನು ನಿಮಿಷಕ್ಕೆ 30 ಸಲದಂತೆ 5 ನಿಮಿಷ ಹತ್ತಿ ಇಳಿಯಬೇಕು. ಆಮೇಲೆ ಕುಳಿತು, ಒಂದು, ಎರಡು ಮತ್ತು ಮೂರು ನಿಮಿಷಗಳು ಕಳೆದಾಗ ಅರ್ಧ ಅರ್ಧ ನಿಮಿಷ ನಾಡಿಯನ್ನು ಎಣಿಸಬೇಕು. ಹತ್ತಿದ ಕಾಲವನ್ನು ಸೆಕೆಂಡುಗಳಲ್ಲಿ ಹಿಡಿದು ನೂರರಿಂದ ಗುಣಿಸಿ, ಮೂರು ಎಣಿಕೆಗಳ ಮೊತ್ತದ ಎರಡರಷ್ಟರಿಂದ ಭಾಗಿಸಬೇಕು. ಉದಾಹರಣೆಗೆ, ಎಣಿಕೆಗಳು 83, 67, 50 ಆದರೆ ಮೊತ್ತ 200. ಮೂವತ್ತು ಸಾವಿರವನ್ನು 400ರಿಂದ ಭಾಗಿಸಿದರೆ ಸೂಚ್ಯಂಕ 75. ಹೃದಯ ಬೇಗ ಶಾಂತವಾದಷ್ಟೂ ಸೂಚ್ಯಂಕ ಏರುತ್ತದೆ.

ಆದರೆ ಈ ಮೆಟ್ಟಿಲು ಅಮೆರಿಕದ ಎತ್ತರದ ಯುವಕರಿಗಾಗಿ ನಿಂತದ್ದು. ಗಿಡ್ಡ ಕಾಲಿನ ಹುಡುಗಿಗೆ ಅದೇ ಎತ್ತರ ಹೆಚ್ಚಿನ ಶ್ರಮವಾಗುತ್ತದೆ. ಆದಕಾರಣ ಎತ್ತರವನ್ನು ತಗ್ಗಿಸುವುದು ವಾಡಿಕೆ. ತಗ್ಗಿಸಿದ ಮೇಲೆ ಅಮೆರಿಕದ ದರ್ಜೆಗಳ ಪಟ್ಟಿಗೆ ಹೋಲಿಸುವಂತಿಲ್ಲ; ತನ್ನ ಗುಂಪಿನೊಳಗೇ ಹೋಲಿಸಿಕೊಳ್ಳಬೇಕು.

ಮೆಟ್ಟಿಲಿಗಿಂತ ಮೊದಲು ಹತ್ತಬೇಕಾದುದು ಮನೆಗಳ ಜಗಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರಲ್ಲಿ ಹೊರತಂದ ನೀತಿಸೂತ್ರಗಳ ಪ್ರಕಾರ ಹದಿನೆಂಟು ತುಂಬದವರ ವಿಷಯದಲ್ಲಿ ತಂದೆತಾಯಿಯರ ಒಪ್ಪಿಗೆಯೊಂದೇ ಸಾಲದು, ಮಕ್ಕಳ ಸಮ್ಮತಿಯೂ ಬೇಕು. ಎದೆಯ ಕಾಯಿಲೆ, ಉಬ್ಬಸ, ರಕ್ತಹೀನತೆಗಳುಂಟೇ ಎಂದು ಮೊದಲೇ ವಿಚಾರಿಸಬೇಕು. ತಲೆ ಸುತ್ತಿದವಳನ್ನು ಆ ಕ್ಷಣವೇ ಕೂಡಿಸಬೇಕು. ಒಂದು ಅಂಕಿ ಕಡಿಮೆಯಾದರೆ ಪ್ರಬಂಧ ಮುಳುಗುವುದಿಲ್ಲ.

ನಮ್ಮ ವಿದ್ಯಾರ್ಥಿನಿ ಇಷ್ಟನ್ನೂ ಮಾಡಿದಳು. ಆಟಗಾರ್ತಿಯರ ಸೂಚ್ಯಂಕ ಬಹಳ ಮೇಲಿತ್ತು. ಅವಳ ಹಿಗ್ಗಿಗೆ ಪಾರವಿಲ್ಲ. ಆದರೆ ರಾತ್ರಿ ಟಿಪ್ಪಣಿಯ ಪುಸ್ತಕವನ್ನು ತಿರುವುವಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಆಟಗಾರ್ತಿಯರನ್ನು ಅಭ್ಯಾಸದ ವೇಳೆಯಲ್ಲಿ, ಮುಂಜಾನೆಯ ತಂಪಿನಲ್ಲಿ ಅಳೆದಿದ್ದಳು. ಉಳಿದವರನ್ನು ಊಟದ ಬಿಡುವು ಮುಗಿದೊಡನೆ, ಬಯಲುಸೀಮೆಯ ಉರಿಬಿಸಿಲಿನಲ್ಲಿ. ಬಿಸಿಲಾಗಲಿ ಆಗತಾನೇ ಉಂಡ ಊಟವಾಗಲಿ ನಾಡಿಯನ್ನು ಏರಿಸುತ್ತದೆ. ಅವಳು ಕಂಡ ವ್ಯತ್ಯಾಸ ಆಟದ್ದೋ, ಬಿಸಿಲಿನದೋ?

ಪ್ರಬಂಧ ಒಪ್ಪಿಸಲು ಉಳಿದದ್ದು ಮೂರೇ ವಾರ. "ವೇಳೆಯನ್ನು ಬರೆಯದೆ ಬಿಟ್ಟರೆ ಯಾರಿಗೆ ತಿಳಿದೀತು, ಬಿಡೇ?" ಎಂದಳು ಗೆಳತಿ. ಮಾತು ಸುಳ್ಳಲ್ಲ, ಯಾರಿಗೂ ತಿಳಿಯುತ್ತಿರಲಿಲ್ಲ. ಅವಳು ಎರಡು ದಿನ ಅನ್ನ ಸೇರದೆ ಇದ್ದು, ಮೂರನೆಯ ದಿನ ಮತ್ತೆ ಶಾಲೆಯ ಬಾಗಿಲಿಗೆ ಹೋದಳು.

"ಆಗಲೇ ಬರೆದುಕೊಂಡು ಹೋದೆಯಲ್ಲಮ್ಮ?" ಎಂದರು ಮೇಷ್ಟ್ರು.

"ತಪ್ಪಾಗಿ ಅಳೆದೆ, ಮೇಷ್ಟ್ರೇ. ಇನ್ನು ನಾಲ್ಕು ಮುಂಜಾನೆ ಕೊಡಿ."

ಈ ಸಲ ಎಲ್ಲರಿಗೂ ಒಂದೇ ವೇಳೆ, ಒಂದೇ ಮೆಟ್ಟಿಲು, ಮೊದಲು ಒಂದೇ ಅವಧಿಯ ವಿಶ್ರಾಂತಿ. ವ್ಯತ್ಯಾಸ ಉಳಿಯಿತು, ಆದರೆ ಅರ್ಧಕ್ಕೂ ಕೆಳಗಿಳಿಯಿತು. ಅದಕ್ಕಿಂತ ಬೆರಗಿನ ವಿಷಯವೆಂದರೆ, ಎಲ್ಲರಿಗಿಂತ ಬೇಗ ದಣಿವಾರಿಸಿಕೊಂಡವಳು ಖೋ ಖೋ ಅಂಕಣಕ್ಕೆ ಎಂದೂ ಇಳಿಯದ ಹುಡುಗಿ. ವಿಚಾರಿಸಿದರೆ, ಅವಳು ದಿನವೂ ದೂರದ ಹಳ್ಳಿಯಿಂದ ಶಾಲೆಗೆ ನಡೆದು ಬರುತ್ತಾಳೆ. ಮನೆಗೆ ಹೋಗಿ ನೀರು ಹೊರುತ್ತಾಳೆ. ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ "ವ್ಯಾಯಾಮವಿಲ್ಲ" ಎಂದು ಬರೆದಿತ್ತು!

ಆ ಎರಡು ಪದಗಳನ್ನು ಹೊಡೆದುಹಾಕಿದಾಗ ಅವಳ ಪ್ರಬಂಧ ನಿಜವಾಗಿ ಆರಂಭವಾಯಿತೆನ್ನಬೇಕು. ಆಡದವಳು ಎಂದರೆ ದುಡಿಯದವಳು ಎಂದಲ್ಲ. ಪ್ರಶ್ನಾವಳಿಯಲ್ಲಿ ಆಟದ ಜೊತೆಗೆ ನಡಿಗೆ, ಹೊಲದ ಕೆಲಸ, ಮನೆಯ ಕೆಲಸಗಳನ್ನೂ ಕೇಳಬೇಕಾಗಿತ್ತು. ಇದನ್ನೂ, ಮೊದಲ ಅಳತೆಯ ತಪ್ಪನ್ನೂ ಅವಳು ಪ್ರಬಂಧದಲ್ಲಿ ಮರೆಮಾಚದೆ ಬರೆದಳು. ಒಂದು ಶಾಲೆಯ ಕೆಲವೇ ಹುಡುಗಿಯರ ನಾಡಿಯಿಂದ ನಾಡಿಗೆಲ್ಲ ತೀರ್ಪು ಕೊಡಲಾಗದೆಂದೂ ಸೇರಿಸಿದಳು.

ಇಂಥ ಪ್ರಬಂಧ ಗ್ರಂಥಾಲಯದ ಕಪಾಟಿನಲ್ಲಿ ಧೂಳು ತಿನ್ನಬಹುದು. ಆದರೆ ಅದನ್ನು ಬರೆದ ತರುಣಿ ನಾಳೆ ಯಾವುದೋ ಶಾಲೆಯ ಬಯಲಿನಲ್ಲಿ ಸೀಟಿ ಹಿಡಿದು ನಿಂತಾಗ, ಮೂಲೆಯಲ್ಲಿ ಸುಮ್ಮನೆ ನಿಂತ ಹುಡುಗಿಯನ್ನು ನೋಡಿ, "ನೀನು ದಿನಕ್ಕೆ ಎಷ್ಟು ದೂರ ನಡೆಯುತ್ತೀಯಮ್ಮ?" ಎಂದು ಕೇಳದೆ ಇರಲಾರಳು.